ಕಂಪನಿ ಕೈಬಿಟ್ಟ ಹಳೆಯ ಸಾಫ್ಟ್‌ವೇರ್: ಲೈಸೆನ್ಸ್ ಇಲ್ಲದೆ ಬಳಸಬಹುದೇ?

ತಯಾರಿಸಿದ ಕಂಪನಿಯೇ ಮಾರಾಟ ನಿಲ್ಲಿಸಿದೆ. ಅಪ್‌ಡೇಟ್ ಬರುವುದಿಲ್ಲ, ಇಮೇಲ್ ಬರೆದರೆ ಉತ್ತರವಿಲ್ಲ, ದುಡ್ಡು ಕೊಡುತ್ತೇನೆಂದರೂ ತೆಗೆದುಕೊಳ್ಳುವವರಿಲ್ಲ. ನೆಟ್‌ನಲ್ಲಿ ಹುಡುಕಿದರೆ ಸೀರಿಯಲ್ ನಂಬರ್ ಸಮೇತ ಸಿಗುತ್ತದೆ. ಇಳಿಸಿಕೊಂಡು ಬಳಸಿದರೆ ಯಾರ ಗಂಟು ಹೋಗುತ್ತದೆ?

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಕಾನೂನು ನಷ್ಟದ ಲೆಕ್ಕದಿಂದ ಶುರು ಮಾಡುವುದಿಲ್ಲ. ಈ ಪ್ರೋಗ್ರಾಂ ಬಳಸುವ ಹಕ್ಕು ನಿಮಗೆ ಯಾರಿಂದ ಬಂತು, ಅದಕ್ಕೆ ದಾಖಲೆ ಏನಿದೆ ಎಂಬಲ್ಲಿಂದ ಶುರು ಮಾಡುತ್ತದೆ. ಹಾಗೆ ನೋಡಹೊರಟರೆ, ಅಕ್ರಮ ಎಂದು ಹೆದರಿಕೊಂಡಿದ್ದ ಕೆಲವು ಬಳಕೆ ಪೂರ್ತಿ ಸಕ್ರಮ ಎಂದು ಗೊತ್ತಾಗುತ್ತದೆ. ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದು ಕಾಪಿರೈಟ್ ಉಲ್ಲಂಘನೆಯಾಗಿ ಹೊರಬೀಳುತ್ತದೆ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಿ. ಬಹಳ ಜನರಿಗೆ ಮೂರನೆಯದೋ ನಾಲ್ಕನೆಯದೋ ಹೆಜ್ಜೆಗೆ ದಾರಿ ಸಿಕ್ಕಿಬಿಡುತ್ತದೆ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಹೇಳಿದ್ದೇನೆ. ವ್ಯವಹಾರ ದೊಡ್ಡದಿದ್ದರೆ ವಕೀಲರ ಫೀಸಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಹೆಜ್ಜೆ 1: ನಿಮಗೆ ಬೇಕಿರುವುದು ಸಾಫ್ಟ್‌ವೇರೋ, ಅದರಲ್ಲಿ ಮಾಡಿದ ಫೈಲೋ?

ಹಳೆಯ ಪ್ರೋಗ್ರಾಂ ಹುಡುಕುವವರಲ್ಲಿ ಬಹಳಷ್ಟು ಮಂದಿಗೆ ನಿಜವಾಗಿ ಬೇಕಿರುವುದು ಹಳೆಯ ಕಡತಗಳು. ಹಾಗಿದ್ದರೆ ಲೈಸೆನ್ಸಿನ ತಲೆನೋವೇ ಬೇಕಿಲ್ಲ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಒಂದನ್ನೇ ಹಾಕಿಕೊಂಡು ನೋಡಿ: ಲೋಟಸ್ 1-2-3, ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್, ಪೇಜ್‌ಮೇಕರ್, ಕೋರೆಲ್‌ಡ್ರಾ, ಕ್ವಾರ್ಕ್‌ಎಕ್ಸ್‌ಪ್ರೆಸ್‌ಗಳ ಹಳೆಯ ಕಡತಗಳಲ್ಲಿ ಹಲವನ್ನು ಅದು ತೆರೆಯುತ್ತದೆ. ಡಿಬೇಸ್, ಫಾಕ್ಸ್‌ಪ್ರೋ ಕಾಲದ ಡಿಬಿಎಫ್ ಕಡತಗಳೂ ಅದರ ಸ್ಪ್ರೆಡ್‌ಶೀಟಿನಲ್ಲಿ ತೆರೆದುಕೊಳ್ಳುತ್ತವೆ. ಪುಟವಿನ್ಯಾಸ ಅಲ್ಲಲ್ಲಿ ಕದಡಬಹುದು, ಅಕ್ಷರಗಳು ಜರುಗಬಹುದು. ಪಠ್ಯ ಮತ್ತು ಅಂಕಿಗಳು ಕೈಗೆ ಬಂದರೆ ಹೆಚ್ಚಿನ ಕೆಲಸಕ್ಕೆ ಅಷ್ಟು ಸಾಕು.

ವಿಂಡೋಸಿಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ ಕಾಲದ ಪ್ರೋಗ್ರಾಂ ನಿಮ್ಮ ಬಳಿ ಇದ್ದು, ಅದನ್ನು ಓಡಿಸುವ ಡಾಸ್ ಮಾತ್ರ ಇಲ್ಲ ಎನ್ನುವುದಾದರೆ ಫ್ರೀಡಾಸ್ ಇದೆ. 1994ರಲ್ಲಿ ಶುರುವಾದ ಮುಕ್ತ ಯೋಜನೆ ಅದು. ಆಟಗಳಿಗೆ ಡಾಸ್‌ಬಾಕ್ಸ್ ಇದೆ. ಇವೆರಡೂ ಬೇರೆಯವರ ಪ್ರೋಗ್ರಾಂ ಅನ್ನು ಕದ್ದು ಮಾಡಿದ್ದಲ್ಲ, ಮೊದಲಿಂದ ಹೊಸದಾಗಿ ಬರೆದವು.

ಇನ್ನೊಂದು ಗುಂಪಿನವರಿಗೆ ಹಳೆಯ ಸಾಫ್ಟ್‌ವೇರೇ ಬೇಕು, ಬೇರೆ ದಾರಿಯಿಲ್ಲ. ಪ್ರಯೋಗಾಲಯದ ಉಪಕರಣ, ಲೇತ್, ಕಸೂತಿ ಯಂತ್ರ ಇಂಥವನ್ನು ನಡೆಸುವ ಪ್ರೋಗ್ರಾಂ ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಇಂಥವರು ಗಾಬರಿಯಾಗದೆ ಮೂರನೆಯ ಹೆಜ್ಜೆಗೆ ಬನ್ನಿ. ಯಂತ್ರದ ಜೊತೆ ಬಂದ ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ಲೈಸೆನ್ಸ್ ಕೂಡ ಜೊತೆಗೇ ಬಂದಿರುತ್ತದೆ.

ಹೆಜ್ಜೆ 2: ಸಪೋರ್ಟ್ ಮುಗಿದ ದಿನಕ್ಕೂ ಕಾಪಿರೈಟ್ ಮುಗಿಯುವ ದಿನಕ್ಕೂ ಗಂಟು ಹಾಕಬೇಡಿ

ವಿಂಡೋಸ್ 95ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2001ರ ಡಿಸೆಂಬರ್ 31ಕ್ಕೆ. ಅಮೆರಿಕದ ಕಾನೂನಿನಲ್ಲಿ ಅದರ ಕಾಪಿರೈಟ್ ಉಳಿಯುವುದು 2090ರ ಕೊನೆಯವರೆಗೆ. ಕಂಪನಿಗಾಗಿ ಬರೆದ ಕೃತಿಗೆ ಅಲ್ಲಿ ಪ್ರಕಟಣೆಯಿಂದ 95 ವರ್ಷ ಅಥವಾ ರಚನೆಯಿಂದ 120 ವರ್ಷ, ಯಾವುದು ಮೊದಲೋ ಅದು. ಕಾಪಿರೈಟಿನ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಕನಿಷ್ಠ ಅವಧಿ ಲೇಖಕನ ಜೀವಿತಕಾಲ ಮತ್ತು ಅದರ ಮೇಲೆ 50 ವರ್ಷ. ಭಾರತದಲ್ಲಿ ಆ 50 ಎನ್ನುವುದು 60, ಯುರೋಪಿನಲ್ಲಿ 70. ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯಂತೆಯೇ ರಕ್ಷಿಸಬೇಕೆಂದು ವಿಶ್ವ ವ್ಯಾಪಾರ ಸಂಘಟನೆಯ ಟ್ರಿಪ್ಸ್ ಒಪ್ಪಂದದ 10ನೇ ವಿಧಿ ಹೇಳುತ್ತದೆ, ಹಾಗಾಗಿ ಕಾದಂಬರಿಗೆ ಸಿಗುವ ಆಯಸ್ಸೇ ಪ್ರೋಗ್ರಾಮಿಗೂ ಸಿಕ್ಕಿದೆ. ಐದು ವರ್ಷಕ್ಕೆ ಹಳತಾಗುವ ವಸ್ತುವಿಗೆ ಇಷ್ಟು ದೀರ್ಘ ರಕ್ಷಣೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯ ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಬಳಸದೆ ಬಿಟ್ಟರೆ ಹಕ್ಕು ಬಿದ್ದುಹೋಗುತ್ತದೆ ಎಂಬ ನಂಬಿಕೆ ಬಂದಿರುವುದು ಟ್ರೇಡ್‌ಮಾರ್ಕಿನಿಂದ. ಟ್ರೇಡ್‌ಮಾರ್ಕನ್ನು ವರ್ಷಗಟ್ಟಲೆ ಬಳಸದಿದ್ದರೆ ರದ್ದು ಮಾಡಿಸಬಹುದು. ಕಾಪಿರೈಟಿಗೆ ಅಂಥ ನಿಯಮವಿಲ್ಲ. ಮಾರದೆ, ರಿಪೇರಿ ಮಾಡದೆ, ನೆನಪೂ ಇಟ್ಟುಕೊಳ್ಳದೆ ಕೂತರೂ ಅದು ಮಾಲೀಕರದ್ದೇ. ಕೆಲವು ಸೈಟುಗಳು ‘ಅಬಾಂಡನ್‌ವೇರ್’ (ಕೈಬಿಟ್ಟ ಸಾಫ್ಟ್‌ವೇರ್) ಎಂಬ ಹಣೆಪಟ್ಟಿ ಅಂಟಿಸಿ ಹಳೆಯ ಪ್ರೋಗ್ರಾಂಗಳನ್ನು ಹಂಚುತ್ತವೆ. ಕಾಪಿರೈಟ್ ಕಾಯ್ದೆಗಳಲ್ಲಿ ಅಂಥದೊಂದು ವರ್ಗ ಇಲ್ಲ.

ಇನ್ನು, ಸತ್ತಿದೆ ಎಂದು ನಾವು ತಿಳಿದ ಸಾಫ್ಟ್‌ವೇರ್ ಮಾಲೀಕರ ಪಾಲಿಗೆ ಸತ್ತಿರಲೇಬೇಕೆಂದೇನೂ ಇಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಸಾಮಾನ್ಯರ ಪಾಲಿನ ಬೆಂಬಲ ಮುಗಿಯಿತು. ಅದೇ ಎಕ್ಸ್‌ಪಿಯ ಮೇಲೆ ಕಟ್ಟಿದ, ಬಿಲ್ಲಿಂಗ್ ಯಂತ್ರಗಳಲ್ಲಿ ಓಡುತ್ತಿದ್ದ ಪಿಒಎಸ್‌ರೆಡಿ 2009 ಎಂಬ ಆವೃತ್ತಿಗೆ 2019ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತಿತ್ತು. ದೊಡ್ಡ ಗ್ರಾಹಕರು ಹಣ ಕೊಟ್ಟು ಎಕ್ಸ್‌ಪಿ ಬೆಂಬಲವನ್ನೇ ಮುಂದುವರಿಸಿಕೊಂಡರು. 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ವಿಂಡೋಸ್ 10ಕ್ಕೂ ವಿಸ್ತರಿತ ಭದ್ರತಾ ಅಪ್‌ಡೇಟಿನ ಯೋಜನೆ ಇದೆ. ‘ಕಂಪನಿಗೆ ಇದರಿಂದ ಬಿಡಿಗಾಸೂ ಬರುತ್ತಿಲ್ಲ’ ಎಂಬ ವಾದವನ್ನು ಮುಂದಿಡುವ ಮೊದಲು ಇದನ್ನೆಲ್ಲ ನೋಡಿಕೊಳ್ಳಿ.

ಹೆಜ್ಜೆ 3: ಲೈಸೆನ್ಸ್ ನಿಮ್ಮ ಬಳಿ ಈಗಾಗಲೇ ಇದೆಯೇ?

ಈ ಹೆಜ್ಜೆಗೆ ಸಮಯ ಕೊಡಿ. ಸಪೋರ್ಟ್ ನಿಂತ ಮಾತ್ರಕ್ಕೆ ಕಾಪಿರೈಟ್ ಹೇಗೆ ಸಾಯುವುದಿಲ್ಲವೋ, ನೀವು ಕೊಂಡ ಶಾಶ್ವತ ಲೈಸೆನ್ಸ್ ಕೂಡ ಹಾಗೆಯೇ ಸಾಯುವುದಿಲ್ಲ. 2003ರಲ್ಲಿ ಡಬ್ಬಿಯಲ್ಲಿ ಕೊಂಡ ಪ್ರೋಗ್ರಾಮನ್ನು ಇವತ್ತೂ ಬಳಸಬಹುದು, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ.

ಕಪಾಟು, ಹಳೆಯ ಇಮೇಲ್, ಲೆಕ್ಕದ ಫೈಲು ಎಲ್ಲ ತಡಕಿ. ಬಿಲ್, ಆರ್ಡರ್ ದೃಢೀಕರಣ, ಡಬ್ಬಿ, ಕಂಪ್ಯೂಟರಿನ ಬೆನ್ನಿಗೆ ಅಂಟಿಸಿದ ಪ್ರಮಾಣಪತ್ರದ ಸ್ಟಿಕ್ಕರ್, ನೋಂದಣಿಯ ಇಮೇಲ್ ಇವೆಲ್ಲ ಪುರಾವೆ. ಬರೀ ಸೀರಿಯಲ್ ನಂಬರ್ ಪುರಾವೆಯಾಗುವುದು ಕಷ್ಟ. ಕೀಲಿಕೈ ಇದ್ದವರೆಲ್ಲ ಮನೆಯ ಯಜಮಾನರಲ್ಲ. ಸಿಕ್ಕಿದ್ದನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಕಡೆ ಇಡಿ.

ಆಮೇಲೆ ಲೈಸೆನ್ಸ್ ಒಪ್ಪಂದವನ್ನೇ ಓದಿ. ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿ ‘ಲೈಸೆನ್ಸ್’ ಅಥವಾ ‘ಯೂಲಾ’ ಎಂಬ ಹೆಸರಿನ ಪಠ್ಯ ಕಡತವಾಗಿ ಅದು ಸಾಮಾನ್ಯವಾಗಿ ಬಿದ್ದಿರುತ್ತದೆ. ಇಪ್ಪತ್ತು ಪುಟ ಇದ್ದರೂ ಹುಡುಕಬೇಕಾದ ಸಾಲುಗಳು ಕೆಲವೇ. ಹಕ್ಕು ಶಾಶ್ವತವೋ, ಚಂದಾ ಇರುವವರೆಗೆ ಮಾತ್ರವೋ ಎಂಬುದು ಮೊದಲನೆಯದು. ಹಕ್ಕು ವ್ಯಕ್ತಿಗೋ ಯಂತ್ರಕ್ಕೋ ಎಂಬುದು ಎರಡನೆಯದು: ಹೊಸ ಕಂಪ್ಯೂಟರಿನ ಜೊತೆ ಬರುವ ಓಇಎಂ ವಿಂಡೋಸಿನ ಒಪ್ಪಂದ ಅದನ್ನು ಆ ಯಂತ್ರಕ್ಕೇ ಕಟ್ಟಿಹಾಕಿರುತ್ತದೆ. ಆ ಯಂತ್ರ ಗುಜರಿಗೆ ಹೋದ ಮೇಲೆ ಅದರ ಕೀಲಿಯನ್ನು ಬೇರೆ ಯಂತ್ರಕ್ಕೆ ಹಾಕಿದರೆ ಒಪ್ಪಂದ ಮುರಿದಂತೆ. ಇನ್ನು ಅಪ್‌ಗ್ರೇಡ್ ಕೊಂಡವರು ಗಮನಿಸಬೇಕಾದ ಸಾಲು. ಅಪ್‌ಗ್ರೇಡ್ ಆದ ಮೇಲೆ ಹಳೆಯ ಆವೃತ್ತಿಯನ್ನು ಪ್ರತ್ಯೇಕವಾಗಿ ಬಳಸುವಂತಿಲ್ಲ ಎಂದು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ, ಹಳೆಯ ಡಿಸ್ಕ್ ಕೈಯಲ್ಲಿದ್ದರೂ. ವಿದ್ಯಾರ್ಥಿ ಆವೃತ್ತಿ, ಮನೆ ಬಳಕೆಯ ಆವೃತ್ತಿಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಮರೆಯುತ್ತಾರೆ.

ಚಂದಾದಾರರಿಗೆ ಒಂದು ಎಚ್ಚರಿಕೆ. 2019ರ ಮೇ ತಿಂಗಳಲ್ಲಿ ಅಡೋಬಿ ತನ್ನ ಕ್ರಿಯೇಟಿವ್ ಕ್ಲೌಡ್‌ ಗ್ರಾಹಕರಲ್ಲಿ ಹಲವರಿಗೆ ಪತ್ರ ಬರೆದು, ಕೆಲವು ಹಳೆಯ ಆವೃತ್ತಿಗಳನ್ನು ಬಳಸಲು ನಿಮಗೆ ಇನ್ನು ಅಧಿಕಾರವಿಲ್ಲ, ಬಳಸಿದರೆ ಮೂರನೆಯವರು ಉಲ್ಲಂಘನೆಯ ದಾವೆ ಹೂಡಬಹುದು ಎಂದಿತು. ಅವರು ತಿಂಗಳು ತಿಂಗಳು ಹಣ ಕಟ್ಟುತ್ತಿದ್ದವರು. ಚಂದಾ ಲೈಸೆನ್ಸಿನಲ್ಲಿ ನೀವು ಕೊಂಡದ್ದು ಕಂಪನಿ ಆ ಹೊತ್ತಿಗೆ ಅನುಮತಿಸಿದ ಆವೃತ್ತಿಯನ್ನು ಮಾತ್ರ.

ಇದಕ್ಕೆ ತದ್ವಿರುದ್ಧವಾದ, ಬಹಳ ಕಚೇರಿಗಳಿಗೆ ಗೊತ್ತಿಲ್ಲದ ಅನುಕೂಲವೂ ಇದೆ. ಸಂಸ್ಥೆಗಳು ಸಗಟಾಗಿ ಕೊಳ್ಳುವ ಮೈಕ್ರೋಸಾಫ್ಟಿನ ವಾಲ್ಯೂಮ್ ಲೈಸೆನ್ಸಿನಲ್ಲಿ ಡೌನ್‌ಗ್ರೇಡ್ ಹಕ್ಕು ಇರುತ್ತದೆ: ಇವತ್ತಿನ ಆವೃತ್ತಿಗೆ ಲೈಸೆನ್ಸ್ ಕೊಂಡು ಅದರ ಬದಲು ಹಳೆಯದನ್ನು ಬಳಸಬಹುದು. ಹಳೆಯದು ಮಾರಾಟದಲ್ಲಿಲ್ಲ ಎಂಬ ಸಮಸ್ಯೆಗೆ ಹೊಸದನ್ನು ಕೊಳ್ಳುವುದೇ ಕಾನೂನುಬದ್ಧ ಪರಿಹಾರ ಆಗುವುದುಂಟು. ನಿಮ್ಮ ಸಾಫ್ಟ್‌ವೇರ್ ಬೇರೆ ಕಂಪನಿಯದಾದರೂ ಇದೇ ಪ್ರಶ್ನೆಯನ್ನು ಅವರಿಗೆ ಕೇಳಿ ನೋಡಿ.

ಲೈಸೆನ್ಸ್ ಇದೆ, ಡಿಸ್ಕ್ ಹಾಳಾಗಿದೆ ಅಂದರೆ? ನಿಮ್ಮದೇ ಡಿಸ್ಕಿನಿಂದ ಬ್ಯಾಕಪ್ ಮಾಡಿಟ್ಟುಕೊಳ್ಳಲು ಬಹಳ ದೇಶಗಳ ಕಾನೂನು ಅನುಮತಿ ಕೊಟ್ಟಿದೆ. ಭಾರತದ ಕಾಯ್ದೆಯ 52ನೇ ವಿಧಿ, ಅಮೆರಿಕದ 117ನೇ ವಿಧಿ, ಯುರೋಪಿನ 2009ರ ಸಾಫ್ಟ್‌ವೇರ್ ನಿರ್ದೇಶನದ 5ನೇ ವಿಧಿ ಮೂರೂ ಇದನ್ನೇ ಹೇಳುತ್ತವೆ. ಬೇರೆಯವರು ನೆಟ್‌ಗೆ ಏರಿಸಿದ ಕಾಪಿಯನ್ನು ಇಳಿಸಿಕೊಳ್ಳುವುದಕ್ಕೆ ಆ ವಿನಾಯಿತಿ ನೇರವಾಗಿ ಅನ್ವಯಿಸುವುದಿಲ್ಲ. ಲೈಸೆನ್ಸ್ ಇಲ್ಲದವರಿಗಿಂತ ನಿಮ್ಮ ಸ್ಥಿತಿ ಎಷ್ಟೋ ವಾಸಿ, ಆದರೂ ಮೊದಲು ಕಂಪನಿಯನ್ನು ಬದಲಿ ಡಿಸ್ಕಿಗಾಗಿ ಕೇಳಿ, ಕೇಳಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಡಿಸ್ಕ್ ಇನ್ನೂ ಚೆನ್ನಾಗಿದ್ದರೆ ಇವತ್ತೇ ಅದರ ಇಮೇಜ್ (ಡಿಸ್ಕಿನಲ್ಲಿರುವುದೆಲ್ಲ ಸೇರಿದ ಒಂದೇ ಕಡತ) ತೆಗೆದಿಡಿ.

ಹೆಜ್ಜೆ 4: ಮಾಲೀಕರೇ ಬಿಟ್ಟುಕೊಟ್ಟಿದ್ದಾರೆಯೇ?

ಎಷ್ಟೋ ಹಳೆಯ ಪ್ರೋಗ್ರಾಂಗಳನ್ನು ಅವುಗಳ ಮಾಲೀಕರು ತಾವಾಗಿಯೇ ಉಚಿತ ಮಾಡಿದ್ದಾರೆ. ಇಲ್ಲಿ ಎಡವುವುದು ಆವೃತ್ತಿಯ ಸಂಖ್ಯೆಯಲ್ಲಿ. ಎಂಎಸ್-ಡಾಸ್ 1.25 ಮತ್ತು 2.0ರ ಮೂಲಸಂಕೇತವನ್ನು (ಸೋರ್ಸ್ ಕೋಡ್) ಮೈಕ್ರೋಸಾಫ್ಟ್ 2018ರಲ್ಲಿ ಸಂಕೇತ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ, ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಲೈಸೆನ್ಸಿನಡಿ ಹಾಕಿತು, 4.00 ಆವೃತ್ತಿಯನ್ನು 2024ರ ಏಪ್ರಿಲ್‌ನಲ್ಲಿ ಸೇರಿಸಿತು. ಜನ ಹೆಚ್ಚಾಗಿ ಹುಡುಕುವ 6.22 ಆ ಪಟ್ಟಿಯಲ್ಲಿ ಇಲ್ಲ. ಬೋರ್ಲ್ಯಾಂಡ್ ಕಂಪನಿ ಟರ್ಬೊ ಪಾಸ್ಕಲ್ 5.5, ಟರ್ಬೊ ಸಿ 2.01, ಟರ್ಬೊ ಸಿ++ 1.01ಗಳನ್ನು ಪುರಾತನ ಸಾಫ್ಟ್‌ವೇರ್ ಎಂದು ಉಚಿತವಾಗಿ ಇಳಿಸಿಕೊಳ್ಳಲು ಕೊಟ್ಟಿತ್ತು. ಅದನ್ನು ತೋರಿಸಿ ಟರ್ಬೊ ಸಿ++ 3.0 ಕೂಡ ಉಚಿತ ಎನ್ನಲು ಬರುವುದಿಲ್ಲ.

ಆಟಗಳಲ್ಲಿ ಇನ್ನೊಂದು ಬಗೆಯ ಗೋಜಲಿದೆ. ಡೂಮ್ ಆಟದ ಎಂಜಿನ್ನಿನ ಮೂಲಸಂಕೇತ 1997ರಲ್ಲಿ ಹೊರಬಂತು, ಆಮೇಲೆ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಅಡಿಗೆ ಬಂತು. ಆಟದ ಚಿತ್ರ, ಶಬ್ದ, ಹಂತಗಳಿರುವ ಡೇಟಾ ಕಡತ ಮಾತ್ರ ಇವತ್ತಿಗೂ ಮಾರಾಟದ ಸರಕು. ಸ್ಟಾರ್‌ಕ್ರಾಫ್ಟ್ ಹಾಗಲ್ಲ, 2017ರಲ್ಲಿ ಹೊಸ ರೂಪ ಬಿಡುಗಡೆ ಮಾಡುವ ಮುನ್ನ ಬ್ಲಿಝಾರ್ಡ್ ಮೂಲ ಆಟವನ್ನು ಪೂರ್ತಿಯಾಗಿ ಉಚಿತ ಮಾಡಿತು.

ಮೂಲಸಂಕೇತ ಕಣ್ಣಿಗೆ ಬಿದ್ದರೆ ಸ್ವಾತಂತ್ರ್ಯ ಸಿಕ್ಕಿತು ಎಂದೂ ಅಂದುಕೊಳ್ಳಬೇಡಿ. ಹಾಡು ಕೇಳುವ ಪ್ರೋಗ್ರಾಂ ವಿನ್ಯಾಂಪ್‌ನ ಸಂಕೇತ 2024ರ ಸೆಪ್ಟೆಂಬರಿನಲ್ಲಿ ಗಿಟ್‌ಹಬ್‌ಗೆ ಬಂತು, ಆದರೆ ತಿದ್ದಿದ ಆವೃತ್ತಿಯನ್ನು ಹಂಚುವಂತಿಲ್ಲ ಎಂಬ ಷರತ್ತಿನ ಜೊತೆ. ಒಂದೇ ತಿಂಗಳಲ್ಲಿ ಅದನ್ನು ಅಳಿಸಿಯೂ ಹಾಕಿದರು. ಬಿಡುಗಡೆಯ ಘೋಷಣೆ ಎಲ್ಲಿದೆ, ಯಾರ ಸೈಟಿನಲ್ಲಿದೆ, ಯಾವ ಷರತ್ತಿನಲ್ಲಿದೆ ಎಂದು ನೋಡಿ ಆ ಪುಟವನ್ನು ಉಳಿಸಿಟ್ಟುಕೊಳ್ಳಿ. ಪುಟಗಳು ಮಾಯವಾಗುತ್ತವೆ.

ಹೆಜ್ಜೆ 5: ಈಗಿನ ಮಾಲೀಕರನ್ನು ಪತ್ತೆಹಚ್ಚಿ, ಬರೆದು ಕೇಳಿ

ಕಂಪನಿ ಮುಚ್ಚಿದೆ ಎಂದರೆ ಮಾಲೀಕರೇ ಇಲ್ಲ ಎಂದಲ್ಲ. ಕಾಪಿರೈಟ್ ಆಸ್ತಿ, ಕಂಪನಿ ಮುಳುಗಿದಾಗ ಮೇಜು ಕುರ್ಚಿಗಳ ಹಾಗೆ ಅದೂ ಯಾರದೋ ಪಾಲಾಗುತ್ತದೆ. ವರ್ಡ್‌ಪರ್ಫೆಕ್ಟ್ 1994ರಲ್ಲಿ ನಾವೆಲ್ ಕೈಗೆ, 1996ರಲ್ಲಿ ಕೋರೆಲ್ ಕೈಗೆ ಹೋಯಿತು. ಪೇಜ್‌ಮೇಕರ್ ಮಾಡಿದ ಆಲ್ಡಸ್ ಅನ್ನು ಅಡೋಬಿ 1994ರಲ್ಲಿ ಕೊಂಡಿತು. ಫಾಕ್ಸ್‌ಪ್ರೋ 1992ರಲ್ಲಿ ಮೈಕ್ರೋಸಾಫ್ಟಿಗೆ, ಡಿಬೇಸ್ 1991ರಲ್ಲಿ ಬೋರ್ಲ್ಯಾಂಡಿಗೆ ಬಂತು.

ವಿಚಿತ್ರ ಕೈಗಳಿಗೂ ಹೋಗುತ್ತದೆ. ಸಿಸ್ಟಮ್ ಶಾಕ್ 2 ಆಟ ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ 2000ದಲ್ಲಿ ಬಾಗಿಲು ಹಾಕಿತು. ಹನ್ನೆರಡು ವರ್ಷದ ಮೇಲೆ ನೈಟ್‌ಡೈವ್ ಎಂಬ ಸಣ್ಣ ಸ್ಟುಡಿಯೋ ಹುಡುಕಿಕೊಂಡು ಹೋದಾಗ ಹಕ್ಕು ಸಿಕ್ಕಿದ್ದು ಒಂದು ವಿಮಾ ಕಂಪನಿಯಲ್ಲಿ! ಮಾತುಕತೆ ನಡೆದು 2013ರಲ್ಲಿ ಆಟ ಮತ್ತೆ ಮಾರಾಟಕ್ಕೆ ಬಂತು. ಅದೇ ನೈಟ್‌ಡೈವ್ ‘ನೋ ಒನ್ ಲಿವ್ಸ್ ಫಾರೆವರ್’ ಆಟಕ್ಕೆ ಕೈಹಾಕಿದಾಗ ವಾರ್ನರ್, ಆಕ್ಟಿವಿಶನ್, ಫಾಕ್ಸ್ ಮೂರು ಬಾಗಿಲು ತಟ್ಟಬೇಕಾಯಿತು. ಹಕ್ಕು ಖಚಿತವಾಗಿ ತಮ್ಮದೇ ಎಂದು ಹೇಳುವವರಿರಲಿಲ್ಲ, ಬಿಟ್ಟುಕೊಡುವವರೂ ಇರಲಿಲ್ಲ. ಆಟ ಹೊರಬರಲಿಲ್ಲ.

ಹುಡುಕುವುದು ಹೀಗೆ. ಪ್ರೋಗ್ರಾಮಿನ ‘ಅಬೌಟ್’ ಪರದೆಯಲ್ಲಿ ಕಾಪಿರೈಟ್ ಸಾಲು ಇರುತ್ತದೆ, ಅಲ್ಲಿಂದ ಹೆಸರು ಹಿಡಿಯಿರಿ. ಆ ಕಂಪನಿಯನ್ನು ಯಾರು ಕೊಂಡರು ಎಂದು ಹಳೆಯ ಪತ್ರಿಕಾ ಪ್ರಕಟಣೆಗಳಲ್ಲಿ ನೋಡಿ. ಹಳೆಯ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನಿನಲ್ಲಿ ಅದರ ಹಳೆಯ ಸೈಟಿನ ಕೊನೆಯ ದಿನಗಳ ಪುಟ ತೆರೆದರೆ ಬಹಳ ಸಲ ‘ನಮ್ಮ ಉತ್ಪನ್ನಗಳು ಇನ್ನು ಮುಂದೆ ಇಂಥವರದು’ ಎಂಬ ಸೂಚನೆ ಸಿಗುತ್ತದೆ. ಅಮೆರಿಕದ ಕಾಪಿರೈಟ್ ಕಚೇರಿಯ ನೋಂದಣಿ ಮತ್ತು ವರ್ಗಾವಣೆಯ ದಾಖಲೆಗಳನ್ನು ಆನ್‌ಲೈನಿನಲ್ಲಿ ಹುಡುಕಬಹುದು. ಒಬ್ಬರೇ ಬರೆದ ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ದುಡ್ಡು ಕೊಡುವ ಪ್ರೋಗ್ರಾಂ) ಆಗಿದ್ದರೆ ಕೆಲಸ ಇನ್ನೂ ಸುಲಭ; ಬರೆದವರನ್ನೇ ಕೇಳಿದರಾಯಿತು, ಖುಷಿಯಿಂದ ಕೀಲಿ ಕಳಿಸಿಕೊಡುವವರು ಬೇಕಾದಷ್ಟು ಜನ ಇದ್ದಾರೆ.

ಪತ್ರ ಚಿಕ್ಕದಾಗಿರಲಿ, ಕೇಳುವುದು ಖಚಿತವಾಗಿರಲಿ. ಉದ್ದುದ್ದ ಬರೆದರೆ ಕಂಪನಿಯ ಕಾನೂನು ವಿಭಾಗ ‘ಇಲ್ಲ’ ಎಂದು ಕೈತೊಳೆದುಕೊಳ್ಳುತ್ತದೆ. ಒಂದು ನಮೂನೆ:

“ಇಂಥ ಪ್ರೋಗ್ರಾಮಿನ ಇಂಥ ಆವೃತ್ತಿಯ ಹಕ್ಕು ನಿಮ್ಮ ಸಂಸ್ಥೆಯಲ್ಲಿದೆ ಎಂದು ತಿಳಿದಿದ್ದೇನೆ. ಅದು ಈಗ ಮಾರಾಟದಲ್ಲಿಲ್ಲ. ನನ್ನ ಹಳೆಯ ಕಡತಗಳನ್ನು ತೆರೆಯಲು ಒಂದೇ ಕಂಪ್ಯೂಟರಿನಲ್ಲಿ ಬಳಸಲು ಅನುಮತಿ ಕೋರುತ್ತೇನೆ. ಮಾರುವುದಿಲ್ಲ, ಹಂಚುವುದಿಲ್ಲ. ಶುಲ್ಕವಿದ್ದರೆ ತಿಳಿಸಿ. ಹಕ್ಕು ನಿಮ್ಮಲ್ಲಿಲ್ಲದಿದ್ದರೆ ಯಾರಿಗೆ ಹೋಗಿದೆ ಎಂದು ತಿಳಿಸಿದರೆ ಉಪಕಾರ.”

‘ಸರಿ, ಬಳಸಿಕೊಳ್ಳಿ’ ಎಂಬ ಒಂದು ಸಾಲಿನ ಇಮೇಲ್ ಬಂದರೂ ಅದು ನಿಮ್ಮ ಲೈಸೆನ್ಸ್. ಆದರೆ ಬರೆದವರಿಗೆ ಹಾಗೆ ಹೇಳುವ ಅಧಿಕಾರ ಇದೆಯೇ ಎಂದು ಅವರ ಹುದ್ದೆ ನೋಡಿ ಅಂದಾಜು ಮಾಡಿ. ಉತ್ತರವೇ ಬರದಿದ್ದರೆ ‘ಮೌನಂ ಸಮ್ಮತಿ ಲಕ್ಷಣಂ’ ಇಲ್ಲಿ ನಡೆಯುವುದಿಲ್ಲ. ಆದರೂ ಆ ಪತ್ರ ವ್ಯರ್ಥವಲ್ಲ: ಮುಂದೆ ಯಾರಾದರೂ ಪ್ರಶ್ನೆ ಎತ್ತಿದರೆ, ಬೇಕೆಂದೇ ಕದ್ದವರಿಗೂ ಕೇಳಿ ಕಾದವರಿಗೂ ಇರುವ ವ್ಯತ್ಯಾಸವನ್ನು ಅದು ತೋರಿಸುತ್ತದೆ.

ಮಾಲೀಕರು ಸಿಗಲೇ ಇಲ್ಲ ಎಂದಾದರೆ? ಕೆನಡಾದಲ್ಲಿ ಪತ್ತೆಯಾಗದ ಮಾಲೀಕರ ಪರವಾಗಿ ಕಾಪಿರೈಟ್ ಮಂಡಳಿಯೇ ಲೈಸೆನ್ಸ್ ಕೊಡುವ ವ್ಯವಸ್ಥೆಯಿದೆ. ಯುರೋಪಿನ 2012ರ ಅನಾಥ ಕೃತಿಗಳ ನಿರ್ದೇಶನ ಪುಸ್ತಕ, ಚಲನಚಿತ್ರ, ಧ್ವನಿಮುದ್ರಣಗಳಿಗೆ ದಾರಿ ಮಾಡಿಕೊಟ್ಟು ಸಾಫ್ಟ್‌ವೇರನ್ನು ಹೊರಗೇ ಬಿಟ್ಟಿತು.

ಹೆಜ್ಜೆ 6: ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ

ಹಳೆಯ ಡಬ್ಬಿಯನ್ನು ಇನ್ನೊಬ್ಬರಿಂದ ಕೊಳ್ಳುವುದು ಅತ್ಯಂತ ಸರಳ ದಾರಿಯಂತೆ ಕಾಣುತ್ತದೆ. ಯುರೋಪಿನಲ್ಲಿ ಬಹುಮಟ್ಟಿಗೆ ಹೌದು. ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 2012ರಲ್ಲಿ, ಶಾಶ್ವತ ಲೈಸೆನ್ಸ್ ಮಾರಿದ ಮೇಲೆ ಅದನ್ನು ಮರುಮಾರಾಟ ಮಾಡುವುದನ್ನು ಕಂಪನಿ ತಡೆಯುವಂತಿಲ್ಲ, ಡೌನ್‌ಲೋಡ್ ಆಗಿದ್ದರೂ ಸರಿ ಎಂದಿತು. ಮಾರುವವರು ತಮ್ಮ ಕಾಪಿಯನ್ನು ಅಳಿಸಿರಬೇಕು ಅಷ್ಟೆ. ಆದರೆ 2016ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಮೂಲ ಡಿಸ್ಕ್ ಹಾಳಾಗಿದೆ ಎಂದು ಹೇಳಿ ಬ್ಯಾಕಪ್ ಡಿಸ್ಕನ್ನು ಮಾರುವಂತಿಲ್ಲ ಎಂದಿದೆ. ಹಾಗಾಗಿ ಕೈಬರಹದ ಲೇಬಲ್ ಇರುವ ಸಿಡಿಯನ್ನು ಯಾರಾದರೂ ಮಾರಲು ಬಂದರೆ ಕೈಮುಗಿದು ಕಳಿಸಿ.

ಅಮೆರಿಕದ ಒಂದು ಪ್ರಮುಖ ತೀರ್ಪು ಇದಕ್ಕೆ ವಿರುದ್ಧ ದಿಕ್ಕಿನದು. ಆಟೋಕ್ಯಾಡ್ ರಿಲೀಸ್ 14ರ ಹಳೆಯ ಡಬ್ಬಿಗಳನ್ನು ಇಬೇಯಲ್ಲಿ ಮಾರುತ್ತಿದ್ದವರ ಪ್ರಕರಣದಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ, ಮೊದಲು ಕೊಂಡವರೇ ಮಾಲೀಕರಲ್ಲ, ಬರೀ ಲೈಸೆನ್ಸ್‌ದಾರರು, ಆದ್ದರಿಂದ ಮರುಮಾರಾಟದ ಹಕ್ಕು ಅವರಿಗೂ ಇರಲಿಲ್ಲ ಎಂದಿತು. ಡಬ್ಬಿಗಳು ಅಸಲಿಯೇ ಆಗಿದ್ದವು ಎಂಬುದನ್ನು ಗಮನಿಸಿ. ಕೊಳ್ಳುವ ಮುನ್ನ ಒಪ್ಪಂದದಲ್ಲಿ ವರ್ಗಾವಣೆಯ ಸಾಲು ನೋಡಿ, ಮೂಲ ಡಿಸ್ಕ್, ಕೀಲಿ, ಬಿಲ್ ಮೂರನ್ನೂ ಕೇಳಿ, ‘ನನ್ನ ಕಾಪಿ ಅಳಿಸಿದ್ದೇನೆ’ ಎಂದು ಮಾರುವವರಿಂದ ಬರೆಸಿಕೊಳ್ಳಿ.

ಹೆಜ್ಜೆ 7: ಹಕ್ಕಿದೆ, ಆದರೆ ಆಕ್ಟಿವೇಶನ್ ಸರ್ವರ್ ನಿಂತಿದೆ

ಇನ್‌ಸ್ಟಾಲ್ ಮಾಡುವಾಗ ನಿಮ್ಮ ಕೀಲಿ ಸರಿಯೇ ಎಂದು ನೆಟ್ ಮೂಲಕ ಪರೀಕ್ಷಿಸುವ ಕಂಪನಿಯ ಕಂಪ್ಯೂಟರೇ ಆಕ್ಟಿವೇಶನ್ ಸರ್ವರ್. ಫೋಟೋಶಾಪ್ ಒಳಗೊಂಡ ಅಡೋಬಿ ಕ್ರಿಯೇಟಿವ್ ಸೂಟ್ 2ರ ಕತೆ ಇಲ್ಲಿ ಪಾಠವಿದ್ದಂತೆ. ಅದರ ಆಕ್ಟಿವೇಶನ್ ಸರ್ವರನ್ನು ನಿಲ್ಲಿಸಿದ ಅಡೋಬಿ, 2013ರ ಜನವರಿಯಲ್ಲಿ ಆಕ್ಟಿವೇಶನ್ ಬೇಡದ ಆವೃತ್ತಿಯನ್ನೂ ಸೀರಿಯಲ್ ನಂಬರುಗಳನ್ನೂ ತನ್ನ ಸೈಟಿನಲ್ಲಿ ಹಾಕಿತು. ಫೋಟೋಶಾಪ್ ಪುಕ್ಕಟೆ ಎಂಬ ಸುದ್ದಿ ಕ್ಷಣದಲ್ಲಿ ಹಬ್ಬಿತು. ಇದು ಈಗಾಗಲೇ ಕೊಂಡವರಿಗೆ ಮಾತ್ರ ಎಂದು ಅಡೋಬಿ ಸ್ಪಷ್ಟಪಡಿಸಬೇಕಾಯಿತು. ಕಂಪನಿಯ ಸೈಟಿನಿಂದಲೇ, ಕಂಪನಿ ಕೊಟ್ಟ ನಂಬರಿನಿಂದಲೇ ಹಾಕಿಕೊಂಡರೂ ಲೈಸೆನ್ಸ್ ಇಲ್ಲದವರಿಗೆ ಲೈಸೆನ್ಸ್ ಹುಟ್ಟಲಿಲ್ಲ.

ಕಂಪನಿ ಇಂಥ ಅನುಕೂಲ ಮಾಡಿಕೊಡದಿದ್ದರೆ ಕ್ರ್ಯಾಕ್ ಹಾಕುವ, ಅಂದರೆ ಪ್ರೋಗ್ರಾಮಿನ ಲೈಸೆನ್ಸ್ ತಪಾಸಣೆಯ ಬೀಗವನ್ನೇ ಒಡೆಯುವ ಆಸೆ ಬರುತ್ತದೆ. ಇಲ್ಲಿ ಎರಡು ಕಾನೂನು ಬೇರೆಬೇರೆ ಕೆಲಸ ಮಾಡುತ್ತವೆ: ಕಾಪಿ ಮಾಡುವುದರ ಮೇಲೆ ಒಂದು, ಬೀಗ ಒಡೆಯುವುದರ ಮೇಲೆ ಇನ್ನೊಂದು. ಅಮೆರಿಕದ ಡಿಜಿಟಲ್ ಕಾಪಿರೈಟ್ ಕಾಯ್ದೆಯಾದ ಡಿಎಂಸಿಎಯಲ್ಲಿ ಬೀಗ ಒಡೆಯುವುದೇ ತಪ್ಪು, ಒಳಗಿರುವುದು ನೀವು ಕೊಂಡದ್ದೇ ಆದರೂ. ಮೂರು ವರ್ಷಕ್ಕೊಮ್ಮೆ ಅಲ್ಲಿ ವಿನಾಯಿತಿಗಳ ಪಟ್ಟಿ ಪರಿಷ್ಕರಣೆಯಾಗುತ್ತದೆ. ಕೆಟ್ಟುಹೋದ, ಬದಲಿ ಸಿಗದ ಡಾಂಗಲ್‌ಗಳಿಗೆ (ಪ್ರೋಗ್ರಾಂ ಓಡಲು ಕಂಪ್ಯೂಟರಿಗೆ ಸಿಕ್ಕಿಸಿರಬೇಕಾದ ಕೀಲಿ ಸಾಧನ) 2003ರಲ್ಲಿ ವಿನಾಯಿತಿ ಸಿಕ್ಕಿತ್ತು. ದೃಢೀಕರಣ ಸರ್ವರ್ ಮುಚ್ಚಿದ ಆಟಗಳನ್ನು ಕೊಂಡವರು ತಮ್ಮ ಯಂತ್ರದಲ್ಲಿ ಆಡಿಕೊಳ್ಳಲು 2015ರಲ್ಲಿ ಸಿಕ್ಕಿತು. ಭಾರತದ 65ಎ ವಿಧಿ ಸ್ವಲ್ಪ ಮೆದು, ಕಾಪಿರೈಟ್ ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಮಾತ್ರ ಅಪರಾಧ. ಯುರೋಪಿನ ನ್ಯಾಯಾಲಯ 2021ರ ಟಾಪ್ ಸಿಸ್ಟಮ್ ತೀರ್ಪಿನಲ್ಲಿ, ಸಕ್ರಮವಾಗಿ ಕೊಂಡವರು ದೋಷ ಸರಿಪಡಿಸುವಷ್ಟರ ಮಟ್ಟಿಗೆ ಪ್ರೋಗ್ರಾಮನ್ನು ಡಿಕಂಪೈಲ್ ಮಾಡಬಹುದು (ಬಿಚ್ಚಿ ಓದಬಲ್ಲ ಸಂಕೇತಕ್ಕೆ ತರಬಹುದು) ಎಂದು ಒಪ್ಪಿದೆ.

ನೆಟ್‌ನಲ್ಲಿ ಸಿಗುವ, ನಕಲಿ ಕೀಲಿ ಹುಟ್ಟಿಸುವ ಕೀಜನ್‌ಗಳ ಬಗ್ಗೆ ಹೇಳುವುದು ಇಷ್ಟೇ: ಕಾನೂನು ಬದಿಗಿಟ್ಟರೂ, ಆಂಟಿವೈರಸ್ ಆಫ್ ಮಾಡಿ ಎಂದು ಕೇಳುವ ಅಪರಿಚಿತ ಪ್ರೋಗ್ರಾಮನ್ನು ಓಡಿಸುವವರಿಗೆ ದೇವರೇ ಗತಿ.

ಹೆಜ್ಜೆ 8: ಅಪಾಯ ಯಾರಿಗೆ ಎಷ್ಟು?

ಮ್ಯೂಸಿಯಂ ಸೇರಬೇಕಾದ ಆಟವನ್ನು ಮನೆಯಲ್ಲಿ ಒಬ್ಬರೇ ಆಡಿಕೊಂಡವರ ಮನೆ ಬಾಗಿಲಿಗೆ ನೋಟಿಸ್ ಬರುವುದು ಬಹಳ ಅಪರೂಪ. ಹಾಗೆಂದು ಅದು ಸಕ್ರಮವಾಗುವುದಿಲ್ಲ. ಸಿಕ್ಕಿಬೀಳುವ ಸಂಭವ ಕಡಿಮೆ, ಅಷ್ಟೇ.

ಹಂಚುವುದು ಬೇರೆಯೇ ಮಟ್ಟದ ಅಪಾಯ. ಹಳೆಯ ಆಟಗಳ ರೋಮ್ ಕಡತಗಳನ್ನು (ROM, ಆಟದ ಕಾರ್ಟ್ರಿಡ್ಜಿನ ನಕಲು) ಹಂಚುತ್ತಿದ್ದ ಲವ್‌ರೋಮ್ಸ್ ಸೈಟಿನ ಮೇಲೆ ನಿಂಟೆಂಡೊ 2018ರಲ್ಲಿ ದಾವೆ ಹೂಡಿ 1.2 ಕೋಟಿ ಡಾಲರ್ ಮೀರಿದ ತೀರ್ಪು ಪಡೆಯಿತು. ಇಳಿಸಿಕೊಂಡ ಪ್ರೋಗ್ರಾಮನ್ನು ಗೆಳೆಯರ ಗುಂಪಿಗೆ ಹಾಕುವುದು, ಟೊರೆಂಟಿನಲ್ಲಿ ಇಳಿಸುತ್ತಲೇ ಇತರರಿಗೆ ಏರಿಸುವುದು ಇದೇ ಸಾಲಿಗೆ ಸೇರುತ್ತವೆ.

ಕಚೇರಿ, ಶಾಲೆ, ಕಾರ್ಖಾನೆಗಳಿಗೆ ನನ್ನ ಸಲಹೆ ಖಡಾಖಂಡಿತ: ಲೈಸೆನ್ಸ್ ಇಲ್ಲದ್ದು ಎಷ್ಟೇ ಹಳೆಯದಿರಲಿ, ಇಟ್ಟುಕೊಳ್ಳಬೇಡಿ. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ಬಿಎಸ್ಎ ಗುಟ್ಟಾಗಿ ದೂರು ಕೊಡುವವರಿಗೆ ಬಹುಮಾನದ ಆಸೆಯನ್ನೂ ತೋರಿಸುತ್ತದೆ, ಕೆಲಸ ಬಿಟ್ಟುಹೋದ ನೌಕರರೊಬ್ಬರು ಸಾಕು. ಭಾರತದಲ್ಲಿ ಕಾಯ್ದೆಯ 63ಬಿ ವಿಧಿಯಡಿ, ಉಲ್ಲಂಘನೆಯ ಕಾಪಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದೇ ಅಪರಾಧ. 7 ದಿನಗಳಿಂದ 3 ವರ್ಷಗಳವರೆಗೆ ಜೈಲು ಮತ್ತು ದಂಡ. ಲಾಭಕ್ಕಾಗಿ ಬಳಸಿದ್ದಲ್ಲ ಎಂದಾದರೆ ಜೈಲು ಬಿಟ್ಟು ದಂಡ ಮಾತ್ರ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ. ಆ ವಿಧಿಯಲ್ಲಿ ಸಾಫ್ಟ್‌ವೇರಿನ ವಯಸ್ಸಿನ ಮಾತೇ ಇಲ್ಲ.

ಹೆಜ್ಜೆ 9: ಸಕ್ರಮವಾದ ಮೇಲೂ ಜೋಪಾನ

ಲೈಸೆನ್ಸ್ ಇದ್ದರೂ ಬೆಂಬಲ ನಿಂತ ಸಾಫ್ಟ್‌ವೇರಿನ ತೂತುಗಳನ್ನು ಮುಚ್ಚುವವರಿಲ್ಲ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದಾಗ, ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಕೊಟ್ಟಿತು. ಪ್ರತಿ ಸಲವೂ ಹಾಗೆ ಕೊಡುತ್ತದೆ ಎಂದು ನಂಬಿ ಕೂರುವಂತಿಲ್ಲ. ಹಳೆಯ ಯಂತ್ರವನ್ನು ನೆಟ್‌ನಿಂದ ಬಿಡಿಸಿ ಇಡಿ. ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರಿನಲ್ಲಿ) ಓಡಿಸುವುದಾದರೆ ಅದರ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗಿನಲ್ಲೇ ತೆಗೆದುಹಾಕಿ, ಕಡತಗಳನ್ನು ಒಂದು ಹಂಚಿಕೆಯ ಫೋಲ್ಡರಿನ ಮೂಲಕ ಸಾಗಿಸಿ. ವರ್ಚುವಲ್ ಮಷೀನಿನ ಒಳಗೆ ಓಡುವ ವಿಂಡೋಸಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಹಳೆಯ ಕಂಪ್ಯೂಟರಿನ ಓಇಎಂ ಕೀಲಿಯನ್ನು ಅಲ್ಲಿ ಹಾಕಿದರೆ ಸುತ್ತಿ ಬಳಸಿ ಮತ್ತೆ ಮೂರನೆಯ ಹೆಜ್ಜೆಯ ಸಮಸ್ಯೆಗೇ ಬರುತ್ತೀರಿ.

ಹೆಜ್ಜೆ 10: ನೋಟಿಸ್ ಬಂದೇಬಿಟ್ಟರೆ

ಮೊದಲ ಯೋಚನೆ ಎಲ್ಲವನ್ನೂ ಅಳಿಸಿಬಿಡೋಣ ಎಂದು ಬರುತ್ತದೆ. ಬೇಡ. ನೋಟಿಸ್ ಬಂದ ಮೇಲೆ ಅಳಿಸುವುದು ಸಾಕ್ಷ್ಯನಾಶವಾಗಿ ಕಾಣುತ್ತದೆ, ಮೂಲ ತಪ್ಪಿಗಿಂತ ಅದೇ ದೊಡ್ಡದಾಗುತ್ತದೆ. ಬಳಸುವುದನ್ನು ನಿಲ್ಲಿಸಿ, ಕಡತಗಳನ್ನು ಹಾಗೆಯೇ ಬಿಡಿ. ನೋಟಿಸ್ ಕಳಿಸಿದವರು ನಿಜಕ್ಕೂ ಹಕ್ಕುದಾರರೇ, ಅವರ ವಕೀಲರೇ ಎಂದು ಅವರ ಅಧಿಕೃತ ವಿಳಾಸದಿಂದ ಖಚಿತಪಡಿಸಿಕೊಳ್ಳಿ. ಹೆದರಿಸಿ ಹಣ ಕೀಳುವ ನಕಲಿ ಇಮೇಲ್‌ಗಳಿಗೆ ಕೊರತೆಯಿಲ್ಲ. ಸ್ಕ್ಯಾನ್ ಮಾಡಿಟ್ಟ ಬಿಲ್ಲುಗಳು, ಕಳಿಸಿದ ಪತ್ರಗಳು, ಉಳಿಸಿಟ್ಟ ಪುಟಗಳು ಈಗ ಹೊರಬರಲಿ. ಕಚೇರಿಯಾದರೆ ಯಾವ ಯಂತ್ರದಲ್ಲಿ ಏನಿದೆ, ಯಾವುದಕ್ಕೆ ದಾಖಲೆ ಇದೆ ಎಂಬ ಪಟ್ಟಿಯನ್ನು ವಕೀಲರ ಸೂಚನೆಯ ಮೇರೆಗೆ ತಯಾರಿಸಿ, ನೇರವಾಗಿ ಎದುರಿನವರಿಗೆ ಕಳಿಸಬೇಡಿ. ಉತ್ತರಿಸಲು ಕೊಟ್ಟ ಗಡುವು ಸಾಲದಿದ್ದರೆ ಇನ್ನಷ್ಟು ಸಮಯ ಬೇಕೆಂದು ಲಿಖಿತವಾಗಿ ಕೇಳಿ. ಇಂಥ ಹೆಚ್ಚಿನ ಪ್ರಕರಣಗಳು ಕೋರ್ಟ್ ಮೆಟ್ಟಿಲೇರದೆ, ಲೈಸೆನ್ಸ್ ಕೊಂಡು ಪರಿಹಾರ ಕಟ್ಟುವಲ್ಲಿಗೆ ಇತ್ಯರ್ಥವಾಗುತ್ತವೆ. ಆ ಒಪ್ಪಂದಕ್ಕೆ ಸಹಿ ಹಾಕುವಾಗ, ಹಿಂದಿನ ಬಳಕೆಯೆಲ್ಲ ಇದರಲ್ಲಿ ಇತ್ಯರ್ಥವಾಯಿತು ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಹೇಳಿ.